ಸಂಗನಕಲ್ಲಿನ ಸುಟ್ಟ ಕಾಳುಗಳು ಹೇಳುವ ಬೇಸಾಯದ ಕಥೆ

ದಕ್ಷಿಣ ಭಾರತದಲ್ಲಿ ಬೇಸಾಯವನ್ನು ಮೊದಲು ಆರಂಭಿಸಿದವರು ಯಾರು? ಹೊರಗಿನಿಂದ ಬಂದವರೇ, ಇಲ್ಲಿಯ ಜನರೇ? ಬಳ್ಳಾರಿ ಸಮೀಪದ ಸಂಗನಕಲ್ಲು ಗುಡ್ಡಗಳಲ್ಲಿ ದೊರೆತ ಸುಟ್ಟ ಕಾಳುಗಳು ಈ ಪ್ರಶ್ನೆಗೆ ಉತ್ತರ ನೀಡುತ್ತಿವೆ.

ಈ ಭಾಗದ ನವಶಿಲಾಯುಗದ ಜನರನ್ನು ವಿದ್ವಾಂಸರು ಬಹುಕಾಲ ದನಗಾಹಿಗಳೆಂದೇ ಗುರುತಿಸಿದ್ದರು. 1957ರಲ್ಲಿ ರೇಮಂಡ್ ಆಲ್ಚಿನ್ ಅವರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿ, ಬೂದಿದಿಬ್ಬಗಳು ದನದ ದೊಡ್ಡಿಗಳಲ್ಲಿ ಸುಟ್ಟ ಸಗಣಿಯಿಂದ ಆದವೆಂದು ತೋರಿಸಿದ್ದರು. ಬೆಳೆಗಳ ವಿಚಾರ ಮಾತ್ರ ಮಸುಕಾಗಿಯೇ ಉಳಿದಿತ್ತು.

1990ರ ದಶಕದ ಕೊನೆಯಲ್ಲಿ ಸಸ್ಯಾವಶೇಷ ತಜ್ಞ ಡೋರಿಯನ್ ಫುಲ್ಲರ್ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮೊದಲಾದವರೊಂದಿಗೆ ಈ ಕೆಲಸಕ್ಕೆ ತೊಡಗಿದರು. ವಿಧಾನ ಸರಳವಾದರೂ ತಾಳ್ಮೆ ಬೇಡುವಂಥದು. ಅಗೆದ ಮಣ್ಣನ್ನು ನೀರಿಗೆ ಸುರಿದು ಕದಡಿದರೆ ಮಣ್ಣು ತಳ ಸೇರುತ್ತದೆ, ಇದ್ದಿಲಾದ ಕಾಳು ತೇಲುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಾರೆ. ಬೆಂಕಿ ತಾಗಿದ ಕಾಳು ಕೊಳೆಯದು; ಒಲೆಯ ಬಳಿ ಯಾರೋ ಚೆಲ್ಲಿದ್ದು ಸಂಶೋಧಕರ ಪಾಲಿಗೆ ನಿಧಿ!

ಹೀಗೆ ದೊರೆತವುಗಳಲ್ಲಿ ಮುಖ್ಯವಾದವು ಕೊರಲೆ, ಇಂದು ಕಳೆಯೆನಿಸಿರುವ ನವಣೆ ಕುಲದ ಒಂದು ಹುಲ್ಲು, ಹುರುಳಿ ಮತ್ತು ಹೆಸರು. ಇವೆಲ್ಲವೂ ಭಾರತದ ನೆಲದವೇ. ಗೋಧಿ ಮತ್ತು ಬಾರ್ಲಿ ವಾಯವ್ಯದಿಂದ ಬಂದವು; ಅವು ಕೆಲವು ನೆಲೆಗಳಲ್ಲಿ ಮಾತ್ರ, ಅಲ್ಪ ಪ್ರಮಾಣದಲ್ಲಿ ಸಿಕ್ಕಿವೆ. ಹೆಸರಿನ ಕಾಡುಬಂಧುಗಳು ಒಣನಾಡಾದ ಬಳ್ಳಾರಿಗಿಂತ ಪಶ್ಚಿಮಘಟ್ಟದ ಅಂಚಿನಂಥ ಹಸಿರು ಪ್ರದೇಶದವು. ಆದ್ದರಿಂದ ಅದನ್ನು ಮೊದಲು ಒಗ್ಗಿಸಿದ್ದು ಬೇರೆಡೆ ಇರಬಹುದು. ಈ ಫಲಿತಾಂಶಗಳು 2004ರಲ್ಲಿ ಪ್ರಕಟವಾದವು. ವಾಯವ್ಯದ ಬೆಳೆಗಳು ಬರುವ ಮೊದಲೇ ಇಲ್ಲಿ ಮುಂಗಾರನ್ನು ನಂಬಿದ ಬೇಸಾಯ ನೆಲೆಯೂರಿತ್ತೆಂಬ ವಾದಕ್ಕೆ ಇವೇ ಆಧಾರ.

ಕನ್ನಡಿಗರಿಗೆ ಅಚ್ಚರಿಯೆನಿಸುವ ಸಂಗತಿಯೆಂದರೆ ಈ ಪಟ್ಟಿಯಲ್ಲಿ ರಾಗಿ ಇಲ್ಲ. ಅದು ಪೂರ್ವ ಆಫ್ರಿಕಾದ ಎತ್ತರದ ನಾಡುಗಳಿಂದ ಬಂದ ಬೆಳೆ. ಪ್ರಾಚೀನ ರಾಗಿಯೆಂದು ಹಿಂದೆ ಗುರುತಿಸಿದ್ದ ಹಲವು ಕಾಳುಗಳು ಮರುಪರಿಶೀಲನೆಯಲ್ಲಿ ಬೇರೆ ಕಿರುಧಾನ್ಯಗಳೆಂದು ಕಂಡುಬಂದಿವೆ.

ಆ ಪುರಾತನ ಕೊರಲೆಯನ್ನು ತುಮಕೂರು, ಚಿತ್ರದುರ್ಗ ಭಾಗದ ಕೆಲವು ರೈತರು ಇಂದಿಗೂ ಬಿತ್ತುತ್ತಾರೆ. ಆದರೆ ಸಂಗನಕಲ್ಲು ಗುಡ್ಡಸಾಲಿನ ಕೆಲಭಾಗಗಳು ಕಲ್ಲುಗಣಿಗಾರಿಕೆಗೆ ಬಲಿಯಾಗಿವೆ. ಅಲ್ಲಿ ಪರೀಕ್ಷಿಸಲು ಮಣ್ಣೇ ಉಳಿದಿಲ್ಲ.