ಹಳೆಯ ವಿಮಾನದ ಎಂಜಿನು: ಜೀರ್ಣೋದ್ಧಾರವೋ, ಪರಿವರ್ತನೆಯೋ?

ಅಮೆರಿಕದ ಪೈಪರ್ ಸಂಸ್ಥೆಯು 1938 ರಿಂದ 1947 ರವರೆಗೆ ನಿರ್ಮಿಸಿದ ಜೆ-3 ಕಬ್ ಎಂಬ ಎರಡಾಸನದ ಸಣ್ಣ ವಿಮಾನಗಳು ಇಂದಿಗೂ ಹಾರುತ್ತಿವೆ. ಅವುಗಳಲ್ಲಿ ಬಹುಮಟ್ಟಿಗೆ ಕಾಣುವುದು 65 ಅಶ್ವಶಕ್ತಿಯ ಕಾಂಟಿನೆಂಟಲ್ ಎ-65 ಎಂಜಿನು. ಅದು ಬಲಗುಂದಿದಾಗ ದುರಸ್ತಿ ಮಾಡಬೇಕೆ, ಬೇರೊಂದನ್ನು ಕೂಡಿಸಬೇಕೆ ಎಂಬುದನ್ನು ವಯಸ್ಸಿನಿಂದ ನಿರ್ಣಯಿಸಲಾಗದು. ಊನವು ಯಾವ ಅಂಗದಲ್ಲಿದೆಯೆಂಬುದನ್ನು ಮೊದಲು ಅರಿಯತಕ್ಕದ್ದು.

ಇದಕ್ಕೆ ಒತ್ತಡದ ಪರೀಕ್ಷೆಯೇ ಆರಂಭ. ನಾಲ್ಕು ಸಿಲಿಂಡರುಗಳಿಗೆ ಒಂದೊಂದಾಗಿ ಚದರಂಗುಲಕ್ಕೆ 80 ಪೌಂಡಿನ ಒತ್ತಡದಲ್ಲಿ ಗಾಳಿಯನ್ನು ಹೊಗಿಸಿ, ಒಳಗೆ ನಿಲ್ಲುವುದೆಷ್ಟೆಂದು ಅಳೆಯುತ್ತಾರೆ. ಅಂಕಿಗಿಂತ ಕಿವಿಯೇ ಇಲ್ಲಿ ಹೆಚ್ಚು ತಿಳಿಸುತ್ತದೆ. ಹೊಗೆಕೊಳವೆಯಲ್ಲಿ ಸುಯ್ಯೆಂದರೆ ನಿರ್ಗಮದ ಕವಾಟ ಕೆಟ್ಟಿದೆ. ಎಣ್ಣೆ ತುಂಬುವ ಬಾಯಲ್ಲಿ ಸುಯ್ಯೆಂದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ. ಇವೆರಡೂ ವೈದ್ಯರು ಹೇಳುವ ಸಾಧ್ಯರೋಗಗಳು. ಸಿಲಿಂಡರುಗಳು ಬಿಡಿಬಿಡಿಯಾಗಿರುವುದರಿಂದ ಕೆಟ್ಟುದೊಂದನ್ನೇ ಕಳಚಿ ಸರಿಪಡಿಸಬಹುದು.

ಕ್ರ್ಯಾಂಕ್ ದಂಡವು ಬಿರುಕುಬಿಟ್ಟಿದ್ದರೆ, ಅಥವಾ ಅನುಮತಿಸಿದ ಅಳತೆಗಿಂತ ಸವೆದು ಕೃಶವಾಗಿದ್ದರೆ ಮಾತು ಬೇರೆ. ಎಣ್ಣೆಯ ಜರಡಿಯಲ್ಲಿ ದೊರೆಯುವ ಲೋಹದ ಚೂರುಗಳು ಇಂಥ ಒಳಕೇಡಿನ ಮುನ್ಸೂಚನೆಯಾಗಬಹುದು. ಆಕಾಶದಲ್ಲಿ ಆ ದಂಡ ಮುರಿದರೆ ಚಾಲಕನಿಗೆ ಉಳಿಯುವುದು ಇಳಿಯಲೊಂದು ಬಯಲನ್ನು ಹುಡುಕುವ ಕೆಲಸ ಮಾತ್ರ. ವರ್ಷಗಟ್ಟಲೆ ಓಡದೆ ನಿಂತ ಎಂಜಿನಿನ ವಿಷಯದಲ್ಲಂತೂ ಸಂದೇಹ ಹೆಚ್ಚಿರಬೇಕು. ದುಡಿಮೆ ತಿನ್ನದ ಕ್ಯಾಮ್ ದಂಡವನ್ನು ತುಕ್ಕು ತಿನ್ನುತ್ತದೆ.

ಬದಲಿಸುವವರಲ್ಲಿ ಅನೇಕರು ಅದೇ ವಂಶದ, 85 ಅಶ್ವಶಕ್ತಿಯ ಸಿ-85 ನ್ನು ಆರಿಸುತ್ತಾರೆ. ಅದಕ್ಕೆ ತಕ್ಕ ಪ್ರೊಪೆಲ್ಲರು, ತೂಕದ ಹೊಸ ಲೆಕ್ಕ, ಸರಕಾರದ ಸಮ್ಮತಿಪತ್ರ ಇವೆಲ್ಲವೂ ಬೇಕು. ದಂಡಗಳೂ ಅವನ್ನು ಹೊತ್ತ ಒಡಲೂ ಗಟ್ಟಿಯಾಗಿರುವಾಗ ಇಷ್ಟು ವ್ಯಯಕ್ಕೆ ಕೈಹಾಕುವುದು ಹೆಚ್ಚಿನ ಬಲದ ಆಸೆಯಿಂದಲೇ ಹೊರತು ಅವಶ್ಯಕತೆಯಿಂದಲ್ಲ.