ಗುಳಿಗೆಯೂ ಇರಲಿ, ಗೂಬೆಯ ನೋಟವೂ ಇರಲಿ

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಬಚ್ಚಲುಮನೆಯಲ್ಲಿ ಬಿದ್ದೆ. ಬಗ್ಗಿ ತಂಬಿಗೆ ಎತ್ತಿಕೊಂಡದ್ದಷ್ಟೇ ನೆನಪು, ತಲೆ ಸುತ್ತಿ ಕಣ್ಣಿಗೆ ಕತ್ತಲೆ ಬಂತು. ಸೊಂಟ ಉಳಿಯಿತು, ಬಲಗೈ ಮಣಿಕಟ್ಟು ಮುರಿಯಿತು. ಅಥಣಿಯ ನಮ್ಮ ಮನೆಯಲ್ಲಿ ಎಲ್ಲರೂ ಬಚ್ಚಲ ಕಲ್ಲಿನ ಪಾಚಿಯನ್ನು ಬೈದರು. ತಪ್ಪು ಪಾಚಿಯದಲ್ಲ, ನನ್ನದು ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಅದಕ್ಕೂ ಮೂರು ತಿಂಗಳ ಹಿಂದಿನಿಂದ ನಾನು ದಿನಾ ಯೋಗ, ಪ್ರಾಣಾಯಾಮ ಮಾಡುತ್ತಿದ್ದೆ. ಮೈ ಹಗುರಾಗಿತ್ತು, ನಿದ್ದೆ ಚೆನ್ನಾಗಿ ಬರುತ್ತಿತ್ತು. 'ಇನ್ನು ಗುಳಿಗೆ ಯಾಕೆ?' ಎಂದುಕೊಂಡು ಬಿ.ಪಿ. ಗುಳಿಗೆ ನಿಲ್ಲಿಸಿಬಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ. ಕೈಗೆ ಪ್ಲಾಸ್ಟರ್ ಹಾಕುವ ಮೊದಲು ಡಾಕ್ಟರು ಬಿ.ಪಿ. ನೋಡಿದರು. ಮೇಲಿನ ಅಂಕಿ 190 ದಾಟಿತ್ತು. ಆಗ ಬಾಯಿ ಬಿಡಲೇಬೇಕಾಯಿತು.

"ಅಜ್ಜಾರ, ಯೋಗಾ ಬಿಡಬ್ಯಾಡ್ರಿ. ಗುಳಿಗಿ ಬಿಡೂದಿದ್ರ ಮೊದಲ ನನ್ನ ಕೇಳ್ರಿ" ಎಂದರು ಡಾಕ್ಟರು. ಆರನೇ ಇಯತ್ತೆಯ ನನ್ನ ಮೊಮ್ಮಗಳು ಅಷ್ಟಕ್ಕೇ ಬಿಡಲಿಲ್ಲ. "ಅಜ್ಜಾ, ನಾ ಹೋಮ್‌ವರ್ಕ್ ಬಿಟ್ರ ನೀ ಬೈತಿ. ನೀ ಗುಳಿಗಿ ಬಿಟ್ರ ಯಾರು ಬೈಬೇಕು?"

ಅಂದಿನಿಂದ ಗುಳಿಗೆ ಡಬ್ಬಿ ಅವಳ ವಶದಲ್ಲಿದೆ. ಬೆಳಗಿನ ಅರ್ಧ ಗಂಟೆಯ ಅಭ್ಯಾಸಕ್ಕೂ ಅವಳೇ ಜೊತೆ. ಅದರಲ್ಲಿ ನಮ್ಮ ಯೋಗ ಸ್ವಲ್ಪ, ಚೀನಾದ 'ಚಿಗಾಂಗ್' ಸ್ವಲ್ಪ. ಪುಣೆಯಲ್ಲಿರುವ ನನ್ನ ಮಗಳು ಅಲ್ಲಿ ಕಲಿತು ಬಂದು ನಮಗೆ ಹೇಳಿಕೊಟ್ಟದ್ದು. 'ಚಿ' ಎಂದರೆ ಉಸಿರು, ಜೀವಶಕ್ತಿ; ನಾವು ಪ್ರಾಣ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ. 'ಗಾಂಗ್' ಎಂದರೆ ಬಿಡದೆ ಮಾಡಿ ಗಳಿಸಿಕೊಂಡ ಅಭ್ಯಾಸ. ನಿಧಾನವಾಗಿ ಕೈಕಾಲು ಆಡಿಸುತ್ತಾ, ಅದಕ್ಕೆ ಉಸಿರನ್ನು ಹೊಂದಿಸುತ್ತಾ, ಮನಸ್ಸನ್ನು ಅಲ್ಲೇ ಇಡುವುದು ಚಿಗಾಂಗ್.

ಅದರಲ್ಲಿ 'ಬಾದುವಾನ್‌ಜಿನ್' ಎಂಬ ಎಂಟು ಚಲನೆಗಳ ಹಳೆಯ ಪಾಠವೊಂದಿದೆ. ಹೆಸರಿನ ಅರ್ಥ 'ರೇಷ್ಮೆಯ ಎಂಟು ತುಂಡುಗಳು'. ಒಂದರಲ್ಲಿ ಎರಡೂ ಕೈಯಿಂದ ಆಕಾಶ ಎತ್ತಿ ಹಿಡಿದಂತೆ ನಿಲ್ಲಬೇಕು. ನಮ್ಮ ತಾಡಾಸನದಲ್ಲೂ ಕೈ ಮೇಲೆತ್ತುತ್ತೇವಲ್ಲ! ಇನ್ನೊಂದರಲ್ಲಿ ಬಿಲ್ಲು ಎಳೆದಂತೆ ಮಾಡಬೇಕು. ಮೊಮ್ಮಗಳಿಗೆ ಇಷ್ಟವಾದದ್ದು ಗೂಬೆಯ ನೋಟ: ನೆಟ್ಟಗೆ ನಿಂತು, ಕತ್ತನ್ನು ಮೆಲ್ಲಗೆ ತಿರುಗಿಸಿ ಹಿಂದೆ ನೋಡುವುದು.

ಈ ಗೂಬೆಯ ನೋಟ ನಮ್ಮ ಭಾಗಕ್ಕೆಂದೇ ಹೇಳಿ ಮಾಡಿಸಿದಂತಿದೆ. ನಿಪ್ಪಾಣಿಯಲ್ಲಿರುವ ನನ್ನ ತಂಗಿ ಮೊರ ತೊಡೆಯ ಮೇಲಿಟ್ಟುಕೊಂಡು, ಕತ್ತು ಬಗ್ಗಿಸಿ ಬೀಡಿ ಕಟ್ಟುತ್ತಲೇ ಮುಪ್ಪಾದವಳು. ರಾಯಬಾಗದ ಬೀಗರು ಕಬ್ಬಿನ ಹೊಲದಲ್ಲಿ ಬಗ್ಗಿದವರು. ಚಿಕ್ಕೋಡಿಯಲ್ಲಿ ಕಾಲೇಜು ಓದುವ ಮೊಮ್ಮಗ ಮೊಬೈಲಿಗೆ ಬಗ್ಗಿದವನು. ಎಲ್ಲರ ಕತ್ತೂ ಮುಂದಕ್ಕೇ! ತಂಗಿಗೆ ಈ ಚಲನೆ ತೋರಿಸಿದೆ. ಎರಡು ವಾರ ಮಾಡಿ, "ಅಣ್ಣಾ, ಕತ್ತು ಸಡಲಾಗೇತಿ. ಆದ್ರ ಕೆಮ್ಮು ಹಂಗ ಐತಿ" ಎಂದಳು. ಕೆಮ್ಮಿಗೆ ಗೂಬೆ ಔಷಧವಲ್ಲ. ತಂಬಾಕಿನ ದೂಳಿನಲ್ಲಿ ಕುಳಿತವರ ಕೆಮ್ಮನ್ನು ಡಾಕ್ಟರೇ ನೋಡಬೇಕು ಎಂದು ಹೇಳಿ ಕರೆದುಕೊಂಡು ಹೋದೆ. ಬಿದ್ದು ಕಲಿತ ಪಾಠ ಅಷ್ಟಾದರೂ ಕೆಲಸಕ್ಕೆ ಬಂತು.

ಚಿಗಾಂಗ್‌ನಲ್ಲಿ ಕಂಬದಂತೆ ಸುಮ್ಮನೆ ನಿಲ್ಲುವ ಅಭ್ಯಾಸವೂ ಇದೆ. ಕೇಳಿದ ತಕ್ಷಣ ನನಗೆ ಬಾಹುಬಲಿ ನೆನಪಾದ. ಶ್ರವಣಬೆಳಗೊಳದ 58 ಅಡಿಯ ಬಾಹುಬಲಿ ನಿಂತಿರುವುದು ಕಾಯೋತ್ಸರ್ಗದಲ್ಲಿ. ಎಂದರೆ ದೇಹದ ಮೇಲಿನ ಮೋಹ ಬಿಟ್ಟು ಅಲುಗದೆ ನಿಲ್ಲುವ ಜೈನರ ಧ್ಯಾನದ ನಿಲುವಿನಲ್ಲಿ. ನಮ್ಮ ಕಾಗವಾಡದ ಕಡೆ ಅದು ಹೊಸ ಮಾತಲ್ಲ. ಆಚಾರ್ಯ ವಿದ್ಯಾನಂದರು ಶೇಡಬಾಳದವರು, ಆಚಾರ್ಯ ವಿದ್ಯಾಸಾಗರರು ಸದಲಗಾದವರು. ಜೈನ ಮುನಿಗಳ ಗುರಿ ಮೋಕ್ಷ, ನನ್ನದು ಬಚ್ಚಲಲ್ಲಿ ಬೀಳದಿರುವುದು. ಗುರಿ ಬೇರೆಯಾದರೂ ಅಲುಗದೆ ನಿಂತಾಗ ತನ್ನ ಮೈಯನ್ನು ತಾನೇ ಗಮನಿಸುವುದು ಎರಡರಲ್ಲೂ ಉಂಟು. ಚೀನಾದ್ದೇ ಆದ ತಾಯ್‌ಚಿ ಎಂಬ ನಿಧಾನ ವ್ಯಾಯಾಮದಿಂದ ವಯಸ್ಸಾದವರು ಬೀಳುವುದು ಕಡಿಮೆಯಾಗುತ್ತದೆ ಎಂದು ಸಂಶೋಧನೆಗಳೂ ತೋರಿಸಿವೆ.

ಈ ಎರಡು ದೇಶಗಳ ನಡುವಿನ ಕೊಡುಕೊಳ್ಳುವಿಕೆಯ ಒಂದು ದಾರಿ ನಮ್ಮ ನೆರೆಯಲ್ಲೇ ಹುಟ್ಟಿದೆ. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಭಾರತದ ವೈದ್ಯರ ತಂಡದೊಂದಿಗೆ ಚೀನಾಕ್ಕೆ ಹೋದರು. ಯುದ್ಧದಲ್ಲಿ ಗಾಯಗೊಂಡವರ ಸೇವೆ ಮಾಡುತ್ತಲೇ 1942ರಲ್ಲಿ, 32ನೇ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿಜೊಯ್ ಕುಮಾರ್ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ, ಸೂಜಿ ಚುಚ್ಚಿ ಮಾಡುವ ಅಕ್ಯುಪಂಕ್ಚರ್ ಚಿಕಿತ್ಸೆಯನ್ನು ಕಲಿತು ಕೋಲ್ಕತ್ತಕ್ಕೆ ತಂದರು. ಇತ್ತಿಂದ ಅತ್ತ ಹೋದವರೂ ಇದ್ದಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 2011ರಲ್ಲಿ ಚೀನಾದ ಗುವಾಂಗ್‌ಝೌ ನಗರಕ್ಕೆ ಹೋಗಿ ಯೋಗ ಕಲಿಸಿದರು. ಆಗ ಅವರ ವಯಸ್ಸು 90 ದಾಟಿತ್ತು! ಬಾಲ್ಯದಲ್ಲಿ ರೋಗಗಳಿಂದ ಬಳಲಿದ್ದ ಅವರು ಕುರ್ಚಿ, ಹಗ್ಗ, ಮರದ ಇಟ್ಟಿಗೆಗಳ ಆಸರೆಯಲ್ಲಿ ಅಶಕ್ತರೂ ಆಸನ ಮಾಡಬಹುದೆಂದು ತೋರಿಸಿಕೊಟ್ಟರು. ಅದಕ್ಕೇ ನಾನೂ ಈಗ ನಾಚಿಕೆ ಬಿಟ್ಟು ಕುರ್ಚಿ ಹಿಡಿದೇ ನಿಲ್ಲುತ್ತೇನೆ.

ಮಕ್ಕಳೇ, ನಿಮಗೊಂದು ಪ್ರಯೋಗ. ಆಯುರ್ವೇದದ ವೈದ್ಯರೂ ಚೀನಾದ ವೈದ್ಯರೂ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡುತ್ತಾರೆ. ನಿಮ್ಮ ಅಜ್ಜ ಅಥವಾ ಅಜ್ಜಿಯ ಹೆಬ್ಬೆರಳಿನ ಬುಡದ ಕೆಳಗೆ ಹಾಗೆಯೇ ಬೆರಳಿಟ್ಟು, ಒಂದು ನಿಮಿಷಕ್ಕೆ ಎಷ್ಟು ಬಡಿತ ಎಂದು ಎಣಿಸಿ ಬರೆದುಕೊಳ್ಳಿ. ಆಮೇಲೆ ಐದು ನಿಮಿಷ ಇಬ್ಬರೂ ಕುಳಿತು ಮೂಗಿನಿಂದ ಮೆಲ್ಲಗೆ ಉಸಿರು ತೆಗೆದುಕೊಂಡು, ಅದಕ್ಕಿಂತ ನಿಧಾನವಾಗಿ ಬಿಡಿ. ಮತ್ತೆ ಎಣಿಸಿ. ಬಡಿತ ಸಾಮಾನ್ಯವಾಗಿ ಸ್ವಲ್ಪ ಇಳಿದಿರುತ್ತದೆ. ಉಸಿರು ಬಿಡುವಾಗ ಮೆದುಳಿನಿಂದ ಬರುವ ಒಂದು ನರ ಹೃದಯಕ್ಕೆ 'ನಿಧಾನ' ಎಂದು ಹೇಳುತ್ತದೆ, ಅಷ್ಟೇ. ಇದರಲ್ಲಿ ಮಾಟವೇನಿಲ್ಲ.

ಹಿರಿಯರಿಗೂ ನಾಲ್ಕು ಮಾತು. ಬಿ.ಪಿ. ಅಥವಾ ಹೃದಯದ ತೊಂದರೆ ಇದ್ದರೆ ಉಸಿರು ಕಟ್ಟಿ ಹಿಡಿಯಬೇಡಿ, ಜೋರಾಗಿ ಕಪಾಲಭಾತಿ ಮಾಡಬೇಡಿ. ಗೋಡೆಯೋ ಕುರ್ಚಿಯೋ ಕೈಗೆ ಸಿಗುವಂತಿರಲಿ. ಚೂರ್ಣ, ಕಷಾಯ ಏನೇ ತೆಗೆದುಕೊಂಡರೂ ಡಾಕ್ಟರಿಗೆ ತಿಳಿಸಿ. ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಕುಳಿತುಬಿಡಿ. ಮೈ ಹಗುರವಾಯಿತು ಎಂದ ಮಾತ್ರಕ್ಕೆ ರೋಗ ಹೋಯಿತು ಎಂದಲ್ಲ. ಬಿ.ಪಿ. ಏರಿದ್ದು ನಮಗೆ ಗೊತ್ತೇ ಆಗದಿರಬಹುದು. ನನ್ನನ್ನು ನಾನು ಅರಿತುಕೊಂಡೆ ಎಂದು ಬೀಗಿದ್ದ ನನಗೆ ಅದನ್ನು ತಿಳಿಸಿದ್ದು ಡಾಕ್ಟರ ಯಂತ್ರ. ನನಗೆ ಏನು ತಿಳಿಯದು ಎಂಬುದೂ ಅರಿವಿನ ಒಂದು ಭಾಗವೇ ಅಲ್ಲವೇ?

ಕೈ ಈಗ ಕೂಡಿದೆ. ಬೆಳಿಗ್ಗೆ ಅಂಗಳದಲ್ಲಿ ನಾವಿಬ್ಬರೂ ಗೂಬೆಯಂತೆ ಹಿಂದೆ ನೋಡುತ್ತೇವೆ. ನಾನು ಬಲಕ್ಕೆ ತಿರುಗಿದಾಗ ಅವಳ ಮುಖ ಕಾಣುತ್ತದೆ. ಆಗ ದಿನಾ ಅದೇ ಪ್ರಶ್ನೆ: "ಅಜ್ಜಾ, ಗುಳಿಗಿ ತಗೊಂಡಿಯಿಲ್ಲೋ?"

"ತಗೊಂಡೇನವಾ" ಎನ್ನುತ್ತೇನೆ. ಆದರೂ ಅವಳು ಒಳಗೆ ಹೋಗಿ ಡಬ್ಬಿ ತೆರೆದು ಎಣಿಸಿಯೇ ಬರುತ್ತಾಳೆ.