ಒಂಬತ್ತನೇ ಮಹಡಿಯ ಹಳ್ಳ

ನಮ್ಮ ಮನೆಯ ಹಾಲ್‌ನ ಮೂಲೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದು ಮೂರು ತಿಂಗಳು ಖಾಲಿ ಕೂತಿತ್ತು. ಪುಣೆಯ ವಾಕಡ್‌ನಲ್ಲಿ ಒಂಬತ್ತನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟ್ ನಮ್ಮದು. ಅಲ್ಲಿ ಮೂರಡಿ ಜಾಗ ಅಂದರೆ ಸಣ್ಣ ಮಾತಲ್ಲ. "ಇದರಲ್ಲಿ ಈರುಳ್ಳಿ, ಆಲೂಗಡ್ಡೆ ಹಾಕಿಡಲಾ?" ಎಂದು ಹೆಂಡತಿ ಎರಡು ಸಲ ಕೇಳಿದಳು. ಮೂರನೇ ಸಲ ಕೇಳಲಿಲ್ಲ, ಹಾಕಿಯೇ ಇಟ್ಟಳು.

ತೊಟ್ಟಿ ಖಾಲಿ ಇದ್ದದ್ದಕ್ಕೆ ಕಾರಣವಿತ್ತು. ಅದಕ್ಕೂ ಮೊದಲು ಮಗಳ ಆರನೇ ಹುಟ್ಟುಹಬ್ಬಕ್ಕೆ ಒಂದು ಸಣ್ಣ ಅಕ್ವೇರಿಯಂ ತಂದಿದ್ದೆ. ನೀಲಿ ಬಣ್ಣದ ಜಲ್ಲಿ, ಪ್ಲಾಸ್ಟಿಕ್ ಕೋಟೆ, ಬಾಯಿ ತೆರೆದು ಗುಳ್ಳೆ ಬಿಡುವ ಕಪ್ಪೆಚಿಪ್ಪು, ನಾಲ್ಕು ಗೋಲ್ಡ್‌ಫಿಶ್. ಹನ್ನೊಂದನೇ ದಿನಕ್ಕೆ ಒಂದೂ ಉಳಿಯಲಿಲ್ಲ. ಕೊನೆಯದನ್ನು ಹೂಕುಂಡದಲ್ಲಿ ಹೂಳುವಾಗ ಮಗಳು ಅಳು ನಿಲ್ಲಿಸಿ ಕೇಳಿದಳು: "ಅಪ್ಪ, ನೀನು ಇಂಜಿನಿಯರ್ ಅಲ್ವಾ?"

ಸುರತ್ಕಲ್‌ನಲ್ಲಿ ಎಂ.ಟೆಕ್ ಮಾಡಿದವನಿಗೆ ಇದಕ್ಕಿಂತ ಕಠಿಣವಾದ ವೈವಾ ಯಾರೂ ತೆಗೆದುಕೊಂಡಿರಲಿಲ್ಲ. ರಾತ್ರಿ ಕೂತು ಓದಿದೆ. ಮೀನಿನ ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ನೀರು ತುಂಬಿಸಿದ ಸಂಜೆಯೇ ಮೀನು ಬಿಟ್ಟಿದ್ದೆ. ಟೆಸ್ಟಿಂಗ್ ಮಾಡದೆ ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಕೋಡ್ ಬಿಟ್ಟ ಹಾಗೆ.

ಈ ಸಲ ತಪ್ಪಬಾರದು ಎಂದು ದೊಡ್ಡ ತೊಟ್ಟಿ ತಂದೆ. 90 ಸೆಂ.ಮೀ ಉದ್ದ, 45 ಅಗಲ, 45 ಎತ್ತರ. ಲೆಕ್ಕ ಹಾಕಿದರೆ 182 ಲೀಟರ್. ಕಲ್ಲು, ಮರಳು, ಗಾಜು, ಸ್ಟ್ಯಾಂಡ್ ಎಲ್ಲ ಸೇರಿದರೆ ಕಾಲು ಟನ್ ಮೀರುತ್ತದೆ. ತೊಲೆ ಹಾದುಹೋಗುವ ಗೋಡೆಯ ಪಕ್ಕಕ್ಕೇ ಇಟ್ಟೆ. ಇಷ್ಟೆಲ್ಲ ಮಾಡಿದವನಿಗೆ ಒಳಗೆ ಏನಿಡಬೇಕು ಎಂಬುದು ಮಾತ್ರ ಹೊಳೆಯಲಿಲ್ಲ.

ಐಡಿಯಾ ಹುಡುಕಲು ಹೊರಟವರು ಯಾರೂ ತಕಾಶಿ ಅಮಾನೋ ಅವರ ಬಾಗಿಲು ತಟ್ಟದೆ ಇರುವುದಿಲ್ಲ. ಜಪಾನಿನ ನಿಗಾತಾದವರು, 1954ರಲ್ಲಿ ಹುಟ್ಟಿದವರು. ಮೊದಲು ಸೈಕಲ್ ರೇಸ್‌ನ ವೃತ್ತಿಪರ ಸವಾರ, ಆಮೇಲೆ ಫೋಟೋಗ್ರಾಫರ್. ತೊಟ್ಟಿಯೊಳಗೆ ಹುಲ್ಲುಗಾವಲು, ಬೆಟ್ಟ, ಕಾಡು ಬೆಳೆಸುವ 'ನೇಚರ್ ಅಕ್ವೇರಿಯಂ' ಶೈಲಿಯನ್ನು ಜಗತ್ತಿಗೆ ಹಬ್ಬಿಸಿದವರು. 2015ರಲ್ಲಿ ತೀರಿಕೊಳ್ಳುವ ಮುನ್ನ ಲಿಸ್ಬನ್‌ನ ಓಷನೇರಿಯಂನಲ್ಲಿ 40 ಮೀಟರ್ ಉದ್ದದ, 1,60,000 ಲೀಟರ್ ನೀರಿನ ಕಾಡೊಂದನ್ನು ಕಟ್ಟಿಹೋದರು. ಅವರ ತೊಟ್ಟಿಗಳ ಚಿತ್ರ ನೋಡುತ್ತ ನಾನು ಎರಡು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ನಕಲನ್ನೂ ಮಾಡಿದೆ. ಬೆಸ ಸಂಖ್ಯೆಯ ಕಲ್ಲುಗಳಲ್ಲಿ ಒಂದನ್ನು ಯಜಮಾನನಂತೆ ನಿಲ್ಲಿಸಿ ಉಳಿದವನ್ನು ಸುತ್ತ ಜೋಡಿಸುವ 'ಇವಾಗುಮಿ' ವಿನ್ಯಾಸ. ಐದು ಕಲ್ಲುಗಳನ್ನು ಹದಿನೇಳು ರೀತಿ ಇಟ್ಟು ನೋಡಿದೆ. ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಬೇರೆ ಯಾರದೋ ಮನೆಯ ದೇವರಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದಂತೆ ಅನಿಸುತ್ತಿತ್ತು. ಈರುಳ್ಳಿ ಬಂದು ಕೂತದ್ದು ಆಗಲೇ.

ಅಮಾನೋ ಇನ್ನೊಬ್ಬರ ತೊಟ್ಟಿ ನೋಡಿ ಕಲಿತವರಲ್ಲ ಎಂಬುದನ್ನು ನಾನು ಗಮನಿಸಿದ್ದು ತಡವಾಗಿ. ದೊಡ್ಡ ಕ್ಯಾಮೆರಾ ಹೊತ್ತು ಸಾಡೋ ದ್ವೀಪದ ಹಳೆಯ ದೇವದಾರು ಕಾಡಿಗೆ, ಅಮೆಜಾನ್‌ಗೆ, ಬೋರ್ನಿಯೋಗೆ ಹೋಗಿ ಬಂದವರು ಅವರು. ಹಾಗಾದರೆ ನನ್ನ ಕಾಡು ಯಾವುದು?

ನಮ್ಮೂರು ಕೊಪ್ಪದ ಕಡೆ. ಮನೆಯ ಹಿಂದೆ ಅಡಿಕೆ ತೋಟ, ತೋಟದ ತುದಿಗೆ ಹಳ್ಳ. ಆ ಹಳ್ಳ ಸುತ್ತಿ ಬಳಸಿ ತುಂಗೆಯನ್ನು ಸೇರುತ್ತದೆ. ನನ್ನ ಬಾಲ್ಯದ ಬೇಸಿಗೆ ರಜೆಗಳೆಲ್ಲ ಅದರಲ್ಲೇ ಕಳೆದವು. ಆದರೆ ಅದರ ತಳ ಹೇಗಿತ್ತು ಎಂದು ಕಾಗದದ ಮೇಲೆ ಬರೆಯಲು ಕೂತರೆ ಕೈ ಓಡಲಿಲ್ಲ. ಈಜಿದ್ದು ನೆನಪಿತ್ತು, ನೋಡಿದ್ದು ನೆನಪಿರಲಿಲ್ಲ. ಅಪ್ಪಯ್ಯನಿಗೆ ವಿಡಿಯೊ ಕಾಲ್ ಮಾಡಿ ನನ್ನ ಕಲ್ಲುಗಳ ಜೋಡಣೆ ತೋರಿಸಿದೆ. ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು.

"ಇದೆಂತ ಮಾರಾಯ, ಕಲ್ಲನ್ನ ಮದುವೆ ಊಟಕ್ಕೆ ಕೂರಿಸಿದ ಹಾಗೆ ಕೂರಿಸಿದೀಯ? ಹಳ್ಳದಲ್ಲಿ ಕಲ್ಲು ಯಾರೂ ಇಡೂದಲ್ಲ. ನೀರು ತಂದು ಹಾಕೂದು. ನೀರು ಎಲ್ಲಿಂದ ಬರ್ತದೆ ಅಂತ ಮೊದಲು ಹೇಳು."

ನಾನೂ ಅಪ್ಪಯ್ಯನೂ ಹೆಚ್ಚು ಮಾತಾಡುವವರಲ್ಲ. ಊಟ ಆಯ್ತಾ, ಮಳೆ ಬಂತಾ, ಮಾತ್ರೆ ತಗೊಂಡ್ರಾ. ಮೂರು ಪ್ರಶ್ನೆ ಮುಗಿದರೆ ಫೋನು ಅಮ್ಮನ ಕೈಗೆ. ಅಂದು ನಲವತ್ತು ನಿಮಿಷ ಮಾತಾಡಿದೆವು.

ದೀಪಾವಳಿಗೆ ಊರಿಗೆ ಹೋದಾಗ ಮೂವರೂ ಹಳ್ಳಕ್ಕಿಳಿದೆವು: ಅಪ್ಪಯ್ಯ, ನಾನು, ಮಗಳು. ಪುಣೆಯಲ್ಲಿ ಹುಟ್ಟಿದ ಅವಳಿಗೆ 'ಮೀನು' ಎನ್ನುವುದಕ್ಕಿಂತ ಮೊದಲು ಬಾಯಿಗೆ ಬಂದದ್ದು ಮರಾಠಿಯ 'ಮಾಸಾ'. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಮುಳುಗಿಸಿ ಚಿತ್ರ ತೆಗೆದೆ. ದೊಡ್ಡ ಕಲ್ಲಿನ ಹಿಂಬದಿಯಲ್ಲಿ, ನೀರಿನ ರಭಸ ತಗ್ಗಿದ ಕಡೆ ಮಾತ್ರ ಮರಳು ನಿಂತಿತ್ತು. ಮುಂಬದಿಯಲ್ಲಿ ಬರೀ ಗುಂಡುಕಲ್ಲು. ಉದ್ದಕಲ್ಲುಗಳೆಲ್ಲ ಒಂದೇ ದಿಕ್ಕಿಗೆ ಒರಗಿದ್ದವು. ಹಲಸಿನ ತರಗೆಲೆಗಳು ಹರಡಿಕೊಂಡಿರಲಿಲ್ಲ. ಒಂದು ಬೇರಿನ ಸಂದಿಯಲ್ಲಿ ಕಟ್ಟುಕಟ್ಟಿ ಸಿಕ್ಕಿಕೊಂಡಿದ್ದವು, ಅವುಗಳ ಅಡಿಯಲ್ಲಿ ಸೀಗಡಿ. ಬೆಳಕು ಎಲ್ಲ ಕಡೆ ಒಂದೇ ಸಮ ಇರಲಿಲ್ಲ, ಕೇದಿಗೆ ಪೊದೆಯ ಸಂದಿನಿಂದ ನಾಲ್ಕು ಕಡೆ ನಾಣ್ಯ ಚೆಲ್ಲಿದಂತೆ ಬಿದ್ದಿತ್ತು. ಮೀನುಗಳೆಲ್ಲ ಹರಿವಿಗೆ ಎದುರು ಮುಖ ಮಾಡಿ ನಿಂತಿದ್ದವು. "ಅಜ್ಜ, ಇವು ಯಾಕೆ ಮುಂದೆ ಹೋಗಲ್ಲ?" ಎಂದು ಮಗಳು ಕೇಳಿದಳು. "ಹೋಗ್ತಾನೇ ಇದಾವೆ. ಹೋಗದೇ ಇದ್ರೆ ಹಿಂದೆ ಬರ್ತಿದ್ವು" ಎಂದರು ಅಪ್ಪಯ್ಯ. ಐಟಿ ಕಂಪನಿಯಲ್ಲಿ ಹದಿಮೂರು ವರ್ಷ ಕಳೆದ ನನಗೆ ಅದು ಬೇಗ ಅರ್ಥವಾಯಿತು.

ಒಂದು ಕಲ್ಲನ್ನೂ ತರಲಿಲ್ಲ, ಒಂದು ಮೀನನ್ನೂ ಹಿಡಿಯಲಿಲ್ಲ. ಹಳ್ಳವನ್ನು ನೋಡಿಕೊಂಡು ಬಂದೆವು, ಅಷ್ಟೇ.

ಕಲ್ಲು ಪುಣೆಯದೇ ಬಳಸೋಣ ಎಂದುಕೊಂಡೆ. ಇಲ್ಲಿಯದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾದಿಂದ ಆದ ಕರಿಕಲ್ಲು. ನೋಡಲು ನಮ್ಮ ಹಳ್ಳದ ಒದ್ದೆ ಕಲ್ಲಿನ ಹಾಗೇ ಇದೆ. ಆದರೆ ಇದರ ಸಣ್ಣ ಸಣ್ಣ ಗುಳಿಗಳಲ್ಲಿ ಬಿಳಿ ಹರಳು ತುಂಬಿರುತ್ತದೆ. ಕೆಲವು ಜಿಯೊಲೈಟ್, ಕೆಲವು ಕ್ಯಾಲ್ಸೈಟ್. ಕ್ಯಾಲ್ಸೈಟ್ ಕರಗಿದರೆ ನೀರು ಗಡುಸಾಗುತ್ತದೆ, ಮಲೆನಾಡಿನ ಮೆದು ನೀರಿಗೆ ಒಗ್ಗಿದ ಜೀವಗಳಿಗೆ ಅದು ಒಳ್ಳೆಯದಲ್ಲ. ಕಲ್ಲಿನ ಮೇಲೆ ವಿನೆಗರ್ ಹನಿಸಿ ನೋಡಿ. ಗುಳ್ಳೆ ಎದ್ದರೆ ಆ ಕಲ್ಲು ಬೇಡ. ನಾನು ತಂದ ಒಂಬತ್ತರಲ್ಲಿ ಮೂರು ನೊರೆ ಉಗುಳಿದವು. ಅವೀಗ ಬಾಲ್ಕನಿಯ ತುಳಸಿ ಕುಂಡದ ಬುಡದಲ್ಲಿವೆ. ನೀರಿನ ವಿಷಯದಲ್ಲೂ ಅಷ್ಟೇ. ನಲ್ಲಿ ನೀರಿನ ಟಿಡಿಎಸ್ ನನ್ನ ಮೀಟರಿನಲ್ಲಿ 100ರ ಆಸುಪಾಸು, ಬೇಸಿಗೆಯ ಟ್ಯಾಂಕರ್ ನೀರಿನದು 500 ದಾಟಿತ್ತು.

ಗಿಡ ಹುಡುಕುವಾಗ ಒಂದು ತಮಾಷೆ ಆಯಿತು. ಅಂಗಡಿಯ ಆಮದು ಗಿಡಗಳ ಸಾಲಿನಲ್ಲಿ ಕಂದುಗುಲಾಬಿ ಎಲೆಯ ಲ್ಯಾಗೆನಾಂಡ್ರಾ ಮೀಬೋಲ್ಡಿ ಇತ್ತು, ಬೆಲೆಯೂ ಆಮದಿನದೇ. ಅದು ನಮ್ಮ ಪಶ್ಚಿಮ ಘಟ್ಟದ ಗಿಡ! ಕ್ರಿಪ್ಟೊಕೊರೈನ್ ಸ್ಪೈರಾಲಿಸ್ ಕೂಡ ಘಟ್ಟದ್ದೇ. ಮೀನಿಗಾಗಿ ಹೋದಾಗ ಅಂಗಡಿಯವರು ಮಿಸ್ ಕೇರಳ ತೋರಿಸಿದರು. ಮೈಯುದ್ದಕ್ಕೂ ಕಪ್ಪು ಪಟ್ಟೆ, ಅದರ ಮೇಲೆ ಕೆಂಪು ಗೆರೆ. ಕೇರಳದ ಹೊಳೆಗಳಲ್ಲಿ, ನಮ್ಮ ಕಾಸರಗೋಡಿನ ಚಂದ್ರಗಿರಿಯಲ್ಲೂ ಇರುವ ಮೀನು. 2013ರಲ್ಲಿ ಇದಕ್ಕೆ 'ಸಹ್ಯಾದ್ರಿಯಾ' ಎಂಬ ಹೊಸ ಕುಲನಾಮ ಕೊಟ್ಟ ವಿಜ್ಞಾನಿಗಳಲ್ಲಿ ಪುಣೆಯ ಐಸರ್ ಸಂಸ್ಥೆಯ ನೀಲೇಶ್ ಡಹಾಣೂಕರ್ ಕೂಡ ಒಬ್ಬರು. ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದೂ ಹಿಡಿದೂ ಅಪಾಯದ ಅಂಚಿಗೆ ಬಂದ ಮೀನು ಅದು. ಬೇಡ ಎಂದೆ. ಫಾರಂನಲ್ಲಿ ಬೆಳೆಸಿದ ಹತ್ತು ಮಲಬಾರ್ ಡ್ಯಾನಿಯೊ ತಂದೆ. ನೀಲಿ, ಹಳದಿ ಗೆರೆಯ ಚುರುಕು ಮೀನು, ನೆಗೆಯುವುದರಲ್ಲಿ ನಿಸ್ಸೀಮ. ತೊಟ್ಟಿಗೆ ಮುಚ್ಚಳ ಇಲ್ಲದಿದ್ದರೆ ಬೆಳಿಗ್ಗೆ ಸೋಫಾದ ಅಡಿಯಲ್ಲಿ ಸಿಗುತ್ತದೆ.

ಎಡದಿಂದ ಬಲಕ್ಕೆ ನೀರು ಹರಿಯುವಂತೆ ಪಂಪ್ ಕೂರಿಸಿದೆ, ಕಲ್ಲುಗಳನ್ನೆಲ್ಲ ಅದೇ ದಿಕ್ಕಿಗೆ ಒರಗಿಸಿದೆ, ಮರಳನ್ನು ಕಲ್ಲಿನ ಹಿಂಬದಿಗೆ ಮಾತ್ರ ಸುರಿದೆ. ಆರು ವಾರ ಮೀನು ಬಿಡದೆ ಕಾದೆ. ಬಿಟ್ಟ ದಿನ ಹತ್ತೂ ಮೀನು ಎಡಕ್ಕೆ ಮುಖ ಮಾಡಿ ನಿಂತವು. ಮಗಳು ಕಿರುಚಿದ್ದು ಎಂಟನೇ ಮಹಡಿಗೂ ಕೇಳಿರಬೇಕು.

ಫೆಬ್ರುವರಿಯಲ್ಲಿ ಒಂದು ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಾಣಿಸಿತು. ಬಾಟಲಿಯ ಔಷಧಿ ಹಾಕಿದೆ. ಮೀನು ಉಳಿಯಿತು. ಬೆಳಗಾಗುವಷ್ಟರಲ್ಲಿ ಇಪ್ಪತ್ತು ಸೀಗಡಿಗಳೂ ತಲೆಕೆಳಗಾಗಿ ಬಿದ್ದಿದ್ದವು. ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿದೆ: ಕಾಪರ್ ಸಲ್ಫೇಟ್. ನಮ್ಮೂರ ಭಾಷೆಯಲ್ಲಿ ಮೈಲುತುತ್ತ.

ಅಡಿಕೆ ಬೆಳೆಗಾರರಿಗೆ ಮೈಲುತುತ್ತದ ಪರಿಚಯ ಮಾಡಿಸಬೇಕಿಲ್ಲ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲೇ ಬರೆದಿದ್ದರು. ಅವರು ಜನರಿಗೆ ಕಲಿಸಿಕೊಟ್ಟ ಆ ಸಿಂಪಡಣೆ ಇಲ್ಲದಿದ್ದರೆ ನಮ್ಮಂಥವರ ತೋಟ ಉಳಿಯುತ್ತಿರಲಿಲ್ಲ, ನನ್ನ ಕಾಲೇಜಿನ ಫೀಸೂ ಕಟ್ಟಲಾಗುತ್ತಿರಲಿಲ್ಲ. ಅಪ್ಪಯ್ಯನಿಗೆ ಫೋನ್ ಮಾಡಿ ಸೀಗಡಿ ಸತ್ತದ್ದು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಬೋರ್ಡೊ ಹೊಡೆದ ದಿನ ಡ್ರಮ್ ತೊಳೆಯೂದು ಹಳ್ಳದಲ್ಲೇ ಅಲ್ಲವಾ" ಎಂದರು. "ಏಡಿ, ಸೀಗಡಿ ಎಲ್ಲ ದಡಕ್ಕೆ ಬರ್ತಿದ್ವು. ಮಳೆ ನೀರಿಗೆ ಬಂದಾವೆ ಅಂದ್ಕೊಂಡಿದ್ದೆ. ನಲವತ್ತು ವರ್ಷ."

ನಾನೂ ಒಂದು ಹೇಳಬೇಕಿತ್ತು, ಹೇಳಲಿಲ್ಲ. ಆ ಹಳ್ಳಕ್ಕೆ ಮೊದಲು ಪಂಪ್ ಇಟ್ಟದ್ದು ನಮ್ಮ ಮನೆಯವರೇ. ನನಗಾಗ ಎಂಟು ವರ್ಷ. ಗುಂಡಿ ಒತ್ತಿದರೆ ನೀರು ತೋಟದ ತಲೆಗೆ ಏರುವುದನ್ನು ನೋಡಿಯೇ ಇಂಜಿನಿಯರ್ ಆಗಬೇಕೆಂದು ಆಸೆ ಹುಟ್ಟಿದ್ದು. ಆಮೇಲೆ ಮೇಲಿನ ಮನೆಯವರು ಇಟ್ಟರು, ಕೆಳಗಿನವರು ಇಟ್ಟರು. ಈಗ ಏಪ್ರಿಲ್ ಹೊತ್ತಿಗೆ ಹಳ್ಳದಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿ ಉಳಿಯುತ್ತದೆ, ಅಷ್ಟೇ.

ಪುಣೆಯ ನದಿಯ ಬಗ್ಗೆ ಗೊಣಗುವಾಗ ಇದು ನೆನಪಾಗುತ್ತದೆ. ವಾಕಡ್‌ನಿಂದ ಬಾಲೇವಾಡಿಗೆ ಹೋಗುವಾಗ ಮುಳಾ ನದಿ ದಾಟಬೇಕು. ಮಗಳು ಮೂಗು ಮುಚ್ಚಿಕೊಳ್ಳುತ್ತಾಳೆ. ಕರ್ನಲ್ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ 1839ರಲ್ಲಿ ದಖ್ಖನ್ನಿನ ಮೀನುಗಳ ಬಗ್ಗೆ ಬರೆದಾಗ, ಪುಣೆಯ ಪೂರ್ವಕ್ಕೆ ಇದೇ ಮುಳಾ-ಮುಠಾದಲ್ಲಿ ಸಿಕ್ಕ ದೊಡ್ಡ ಮೀನೊಂದಕ್ಕೆ 'ಖುದ್ರಿ' ಎಂಬ ಹೆಸರನ್ನು ದಾಖಲಿಸಿದರು. ಇಂದಿನ ಟಾರ್ ಖುದ್ರಿ, ದಖ್ಖನ್ ಮಹಶೀರ್. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ನಾವೆಲ್ಲ ಮಂಡಕ್ಕಿ ಎಸೆದ ದೇವರ ಮೀನುಗಳನ್ನು ಇದೇ ಜಾತಿಯವೆಂದು ಗುರುತಿಸುತ್ತಾರೆ. ನಮ್ಮ ದೇವರ ಮೀನಿಗೆ ಶಾಸ್ತ್ರದ ಹೆಸರು ಸಿಕ್ಕಿದ್ದು ನನ್ನ ಮಗಳು ಮೂಗು ಮುಚ್ಚಿಕೊಳ್ಳುವ ನೀರಿನಲ್ಲಿ.

ಅದೇ ಮೀನಿನ ಕಥೆ ಇನ್ನೂ ಇದೆ. ಲೋಣಾವಳಾದ ವಾಳ್ವಣ್‌ನಲ್ಲಿ ಟಾಟಾದವರು 1970ರ ದಶಕದಿಂದ ಇದನ್ನು ಮರಿ ಮಾಡಿಸಿ ದೇಶದ ಹಲವು ನದಿಗಳಿಗೆ ಕಳಿಸಿದರು, ಕಾವೇರಿಗೂ. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಕಾವೇರಿಗೆ ಅದರದೇ ಆದ ಗೂನುಬೆನ್ನಿನ ದೈತ್ಯ ಮಹಶೀರ್ ಇತ್ತು. ಹೊಸಬ ಹೆಚ್ಚಿದಂತೆ ಅದು ಕಡಿಮೆಯಾಯಿತು. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದ 2018ರಲ್ಲೇ ಅತ್ಯಂತ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೂ ಸೇರಿತು. ಸೊಸೈಟಿಯ ಮಕ್ಕಳು ಬೇಡವಾದ ಮೀನನ್ನು ಕೆರೆಗೆ ಬಿಡಲು ಹೊರಟಾಗ ನಾನು ಲಿಫ್ಟಿನ ಹತ್ತಿರ ಈ ಕಥೆ ಹೇಳಿ ತಡೆಯುತ್ತೇನೆ. ಮಕ್ಕಳು ಈಗ ನನ್ನನ್ನು ಕಂಡರೆ ಮೆಟ್ಟಿಲು ಹಿಡಿಯುತ್ತಾರೆ.

ಜೂನ್ ಮೊದಲ ವಾರ ಅಪ್ಪಯ್ಯ ತಾವಾಗಿಯೇ ವಿಡಿಯೊ ಕಾಲ್ ಮಾಡಿದರು. ತೋಟದ ಮೂಲೆಯಲ್ಲಿ, ಹಳ್ಳದಿಂದ ದೂರ, ಹೊಸದಾಗಿ ತೋಡಿಸಿದ ಗುಂಡಿ ತೋರಿಸಿದರು. ಡ್ರಮ್ ಇನ್ನು ಇದರ ಹತ್ತಿರ ತೊಳೆಯುವುದಂತೆ. "ಕೊನೆಗೌಡ ನಗಾಡಿದ, ನಗಾಡ್ಲಿ" ಎಂದರು. ಮಳೆ ಇನ್ನೂ ಹಿಡಿದಿರಲಿಲ್ಲ, ಹಳ್ಳ ಒಣಗಿಯೇ ಇತ್ತು. ಆಮೇಲೆ ತೊಟ್ಟಿ ತೋರಿಸು ಎಂದರು. ಮಗಳು ಫೋನನ್ನು ಗಾಜಿಗೆ ಹಿಡಿದಳು.

"ಆ ಎಡಗಡೆ ದೊಡ್ಡ ಕಲ್ಲು ಉಂಟಲ್ಲ, ಅದನ್ನ ಒಂದು ಗೇಣು ಹಿಂದೆ ಮಾಡು ಪುಟ್ಟಿ. ಅಲ್ಲಿ ಇದ್ದದ್ದಲ್ಲ ಅದು."

ಮಗಳು ತೋಳು ಮೇಲಕ್ಕೆ ಮಡಚಿಕೊಂಡಳು. ನಾನು ಮೊದಲು ಪಂಪಿನ ಸ್ವಿಚ್ ಆರಿಸಿದೆ.